ಮೂರು ದೋಣಿಗಳ ತಳ ಕಂಡ ಕೀಲಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿಕಟ್ಟೆಯ ಹಲಗೆಗಳು ಇಬ್ಬನಿಗೆ ಒದ್ದೆಯಾಗಿವೆ. ಹಾಯಿದೋಣಿಯೊಂದರ ಪಕ್ಕದಲ್ಲಿ ನೀರಿನಿಂದ ಗುಳ್ಳೆಗಳು ಏಳುತ್ತಿವೆ. ಮೇಲೆ ಹೆಂಗಸೊಬ್ಬರು ಮಂಡಿಯೂರಿ ಕುಳಿತು ಅವನ್ನೇ ನೋಡುತ್ತಿದ್ದಾರೆ. ಕಿವಿಯಲ್ಲಿ ಹತ್ತಿ. ಗುಳ್ಳೆ ಮುಂದೆ ಸರಿದರೆ ಅವರೂ ಸರಿಯುತ್ತಾರೆ.

ಉಸಿರಿನ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇರುವುದು ಅವರ ಮಗಳು. ದೋಣಿಗಳ ತಳಕ್ಕೆ ಅಂಟುವ ಪಾಚಿ, ಚಿಪ್ಪುಗಳನ್ನು ಕೆರೆದು ತೆಗೆಯುವುದು ಈ ಮನೆಯವರ ಕಸುಬು. ತಾಯಿಯ ಕಿವಿ ಕೆಟ್ಟಿದೆ, ಇನ್ನು ಮುಳುಗಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಇವತ್ತಿನಿಂದ ಕೆಲಸ ಮಗಳದು.

ದೋಣಿಕಟ್ಟೆಯಲ್ಲಿ ತಾಯಿಗೆ ಕೀಲಿಯಮ್ಮ ಎಂದೇ ಹೆಸರು. ಮಾಲೀಕರಿಂದ ಎಂಜಿನ್ ಕೀಲಿ ಇಸಿದುಕೊಂಡು ಕೊರಳಿಗೆ ಹಾಕಿಕೊಳ್ಳದೆ ಅವರು ನೀರಿಗಿಳಿದವರಲ್ಲ. ಕೀಲಿ ತಮ್ಮ ಜೊತೆ ನೀರಿನಡಿ ಇದ್ದರೆ ಮೇಲೆ ಯಾರೂ ಎಂಜಿನ್ ಶುರು ಮಾಡಿ ತಳದ ಪ್ರೊಪೆಲ್ಲರ್ ತಿರುಗಿಸಲಾರರು.

ದೋಣಿ ಕೊಳ್ಳುವವರು ಮೇಲಿನಿಂದ ನೋಡಿ ಹೋಲಿಸುತ್ತಾರೆ. ಹಾಯಿದೋಣಿಯ ಚೆಲುವು, ಮೋಟಾರ್ ಯಾಟಿನ ವೇಗ, ಕ್ಯಾಟಮರಾನಿನ ವಿಶಾಲ ಕೋಣೆ. ಕೆಳಗಿನಿಂದ ಅವು ಹೇಗೆ ಎಂದು, ಪತ್ರಿಕೆಗೆ ಬರೆಯಲು ಬಂದಿರುವ ನಾನು ಕೀಲಿಯಮ್ಮನನ್ನು ಕೇಳುತ್ತೇನೆ.

“ಹಾಯಿದೋಣಿ ಹೊಟ್ಟೆ ಕೆಳಗೆ ಭಾರದ ರೆಕ್ಕೆ ಇರುತ್ತೆ. ಗಾಳಿಗೆ ಎಷ್ಟು ವಾಲಿದ್ರೂ ಎಳೆದು ನಿಲ್ಸೋದು ಅದೇ. ಅದರ ತುದಿ ತನಕ ಇಳೀಬೇಕು. ಅಷ್ಟು ಆಳಕ್ಕೆ ಇಳಿಸಿ ನನ್ನ ಕಿವಿ ತಿಂದಿದ್ದೂ ಅದೇ. ಆದ್ರೂ ಕೋಪ ಬರಲ್ಲ. ಕೆಳಗೆ ಹಿಡ್ಕೊಳ್ಳೋಕೆ ಅಂತ ಅದೊಂದಿದೆಯಲ್ಲ.”

ಮೋಟಾರ್ ಯಾಟ್?

“ಅಗಲ, ಚಪ್ಪಟೆ. ನಡುವೆ ಹೋದ್ರೆ ಕತ್ತಲೆ. ಗಾಳಿಯ ಹಂಗು ಬೇಕಿಲ್ಲ, ಆದ್ರೆ ಡೀಸೆಲ್ ಕುಡಿಯುತ್ತೆ. ತಳದಲ್ಲಿ ಚಿಪ್ಪು ಕೂತ್ರೆ ಇನ್ನೂ ಕುಡಿಯುತ್ತೆ. ಅದಕ್ಕೇ ನಮ್ಮನ್ನ ಪದೇ ಪದೇ ಕರೆಯೋದು. ನಮ್ಮನೆ ಒಲೆ ಉರಿಯೋದೇ ಅವರಿಂದ.”

ಕ್ಯಾಟಮರಾನಿನ ಮಾತಿಗೆ ಅವರು ನಗುತ್ತಾರೆ. “ಎರಡು ಸಪೂರ ಒಡಲು, ಮೇಲೆ ಒಂದೇ ಮನೆ. ಅಗಲಾನೇ ಆಧಾರ, ವಾಲೋದು ಕಡಿಮೆ. ಕಾಫಿ ಲೋಟ ಇಟ್ಟಲ್ಲೇ ಇರುತ್ತೆ ಅಂತಾರೆ. ಕೆಳಗೂ ಆಳ ಇಲ್ಲ, ನಡುವೆ ಬೆಳಕು ಬೀಳುತ್ತೆ. ಉಜ್ಜೋದು ಮಾತ್ರ ಎರಡೆರಡು.”

“ಎಂಜಿನ್ನೂ ಎರಡು. ಅದನ್ನ ಹೇಳು,” ಎನ್ನುತ್ತಾರೆ ಪಕ್ಕದಲ್ಲಿ ಕೆರೆಯುವ ಅಲಗು ಮಸೆಯುತ್ತಿರುವ ಗಂಡ. ಅವರ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ. “ಒಂದು ಒಡಲು ಮುಗಿಸ್ದೆ. ಹೆಂಗೂ ಇಳಿದಿದ್ದೀನಿ ಅಂತ ಹಂಗೇ ಇನ್ನೊಂದಕ್ಕೆ ದಾಟಿದೆ. ಕೊರಳಲ್ಲಿದ್ದ ಕೀಲಿ ಮೊದಲನೇದರದ್ದು. ಮೇಲೆ ಯಾರೋ ನೆಂಟರು ಬಂದಿದ್ರು, ಆ ಕಡೆ ಎಂಜಿನ್ ತಿರುಗಿಸಿ ನೋಡಿದ್ರು. ಈಗ ನನಗೆ ಲೆಕ್ಕ ಬರಲ್ಲ ಮೇಡಂ, ಬೆರಳು ಸಾಲಲ್ಲ.”

ಹೆಂಡತಿ ನಗುವುದಿಲ್ಲ. ಕೀಲಿಯಮ್ಮ ಎಂಬ ಹೆಸರು ಬಂದದ್ದು ಅದಾದ ಮೇಲೆ.

ಮಗಳು ಮೇಲೆ ಬರುತ್ತಾಳೆ. ಮುಂದಿನದು ಮೋಟಾರ್ ಯಾಟ್. ಮಾಲೀಕರು ಕೀಲಿ ಕೊಡಲು ಒಪ್ಪುವುದಿಲ್ಲ.

“ನಾನೇ ಇಲ್ಲಿ ಕೂತಿರ್ತೀನಲ್ಲಮ್ಮ. ಯಾರು ಮುಟ್ತಾರೆ? ಕೀಲಿ ನೀರಿಗೆ ಬಿದ್ರೆ?”

“ಚೀಲದಲ್ಲಿ ಹಾಕಿ ಕಟ್ಕೋತಾಳೆ ಸ್ವಾಮಿ.”

“ಇಷ್ಟೂ ನಂಬಿಕೆ ಇಲ್ಲದಿದ್ರೆ ಬೇರೆಯವರನ್ನ ನೋಡ್ಕೋತೀನಿ.”

ಮಗಳು ತಾಯಿಯ ತೋಳು ಹಿಡಿಯುತ್ತಾಳೆ. “ಅಮ್ಮ, ಬಿಡು. ಅರ್ಧ ಗಂಟೆ ಕೆಲಸ. ಇವರೂ ಹೋದ್ರೆ ಏನು ಮಾಡೋದು?”

“ನಿಮ್ಮಪ್ಪಂಗೂ ಅರ್ಧ ಗಂಟೆ ಕೆಲಸಾನೇ ಇತ್ತು.”

ಆ ಕೆಲಸ ಅಲ್ಲಿಗೆ ಬಿಟ್ಟಂತೆ. ಮೂವರೂ ಸಾಮಾನು ಎತ್ತಿಕೊಳ್ಳುತ್ತಾರೆ. ಮಗಳು ಮುಖ ಊದಿಸಿಕೊಂಡು ಮುಂದೆ ನಡೆಯುತ್ತಾಳೆ.

“ಒಳ್ಳೆ ಗಿರಾಕಿ ಹೋಯ್ತು,” ಎನ್ನುತ್ತಾರೆ ಕೀಲಿಯಮ್ಮ, ನನಗಷ್ಟೇ ಕೇಳುವಂತೆ. “ಅದು ಹೋಗ್ಲಿ. ಇವತ್ತು ನಾನಿದ್ದೆ, ತಡೆದೆ. ನಾನಿಲ್ಲದ ದಿನ ಇವಳು ಕೇಳಿ ಇಸ್ಕೋತಾಳಾ?”

ಮುಂದಿನದು ಕ್ಯಾಟಮರಾನ್. ಅದರ ಒಡತಿ ಎದ್ದು ಬಂದು ಒಂದು ಕೀಲಿ ಕೊಡುತ್ತಾರೆ. ಮಗಳು ಅದನ್ನು ಕೊರಳಿಗೆ ಹಾಕಿಕೊಂಡು ಹಲಗೆಯ ಅಂಚಿಗೆ ಬರುತ್ತಾಳೆ. ಕೀಲಿಯಮ್ಮ ಬಾಯಿ ತೆರೆಯುವಷ್ಟರಲ್ಲಿ ಗಂಡ ಅವರ ಮೊಣಕೈ ಮುಟ್ಟುತ್ತಾರೆ. ಸುಮ್ಮನಿರು, ಎಂಬಂತೆ.

ಮಗಳು ನೀರನ್ನು ನೋಡುತ್ತಾಳೆ. ಮತ್ತೆ ಹಿಂದಕ್ಕೆ ತಿರುಗುತ್ತಾಳೆ.

“ಆ ಕಡೆ ಎಂಜಿನ್‌ದು?”

“ಮೊದಲು ಈ ಕಡೆ ಮುಗಿಸಮ್ಮ, ಆಮೇಲೆ ಕೊಡ್ತೀನಿ.”

“ಎರಡೂ ಕೊಡಿ ಆಂಟಿ. ಇಲ್ಲದಿದ್ರೆ ಇಳಿಯಲ್ಲ.”

ಒಡತಿ ಒಳಗೆ ಹೋಗಿ ಹುಡುಕಿ ತರುತ್ತಾರೆ. ಮಗಳು ಯಾರ ಮುಖವನ್ನೂ ನೋಡದೆ ಮುಳುಗುತ್ತಾಳೆ. ಎರಡು ಒಡಲುಗಳ ನಡುವಿನ ಬೆಳಕಿನಲ್ಲಿ ಗುಳ್ಳೆಗಳು ಏಳುತ್ತವೆ.

ಕೀಲಿಯಮ್ಮ ಈ ಸಲ ಮಂಡಿಯೂರುವುದಿಲ್ಲ. ಹಲಗೆಯ ಮೇಲೆ ಕಾಲು ಚಾಚಿ ಕುಳಿತು, ಗಂಡನ ಪಕ್ಕದಲ್ಲಿದ್ದ ಕಾಫಿ ಫ್ಲಾಸ್ಕನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ.

“ಸ್ವಲ್ಪ ಹೊತ್ತು ಗುಳ್ಳೆ ನೀವು ನೋಡ್ಕೊಳ್ಳಿ,” ಎನ್ನುತ್ತಾರೆ, ನನ್ನತ್ತ ತಿರುಗಿ.