ಹಿಂದಕ್ಕೆ ಬಂದರೂ ತಿರುಗುವ ಚಕ್ರ

ಇವತ್ತು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತು, ಅಮ್ಮನ ರಕ್ತಪರೀಕ್ಷೆಗೆ ಮೊಬೈಲಿನಲ್ಲಿ ಸಮಯ ಗೊತ್ತುಮಾಡುತ್ತಿದ್ದೆ. ಫಾರ್ಮ್ ಕಳಿಸಿದ ಮೇಲೆ ವಯಸ್ಸು ತಪ್ಪಿದ್ದು ಕಂಡಿತು. ಹಿಂದಿನ ಪುಟಕ್ಕೆ ಬಂದರೆ, ಬಟನ್ನಿನ ಮೇಲೆ ಕಾಯಿರಿ ಎನ್ನುವ ಪುಟ್ಟ ಚಕ್ರ ಇನ್ನೂ ತಿರುಗುತ್ತಿದೆ. ನೀವೂ ನೋಡಿರುತ್ತೀರಿ: ಕೆಲಸ ಮುಗಿದು ಎಷ್ಟೋ ಹೊತ್ತಾಗಿರುತ್ತದೆ, ಚಕ್ರಕ್ಕೆ ಮಾತ್ರ ಯಾರೂ ಹೇಳಿರುವುದಿಲ್ಲ. ಬಯ್ಯಬೇಕಿತ್ತು, ಬದಲಿಗೆ ವಿಮಲಾಬಾಯಿ ನೆನಪಾದರು.

ಠಾಣೆಯ ವಾಗ್ಳೆ ಎಸ್ಟೇಟಿನ ನನ್ನ ಹಳೆಯ ಆಫೀಸಿನಲ್ಲಿ ನಾನು ಇಂಥ ಫಾರ್ಮುಗಳಿಗೆ ಕೋಡ್ ಬರೆಯುತ್ತಿದ್ದೆ, ಅವರು ಅವುಗಳಲ್ಲಿ ತಪ್ಪು ಹುಡುಕುತ್ತಿದ್ದರು. ಗದಗಿನವರು, ಹಿಂದೆ ಟೈಪಿಸ್ಟ್ ಆಗಿದ್ದವರು, ಮೌಸ್ ಮುಟ್ಟುತ್ತಿರಲಿಲ್ಲ. ಟ್ಯಾಬ್ ಕೀಲಿ ಒತ್ತುತ್ತ ಖಾನೆಯಿಂದ ಖಾನೆಗೆ ಹೋಗುವರು. ಯಾವ ಖಾನೆಯಲ್ಲಿದ್ದೇವೆಂದು ತೋರಿಸುವ ನೀಲಿ ಅಂಚು ಅಂದವಾಗಿಲ್ಲವೆಂದು ನಾನು ಒಮ್ಮೆ ಅಳಿಸಿದಾಗ, “ತಮ್ಮಾ, ಕತ್ತಲ್ಯಾಗ ಮೆಟ್ಟಲ ಇಳಿಸಾಕತ್ತೀಯಲ್ಲೋ” ಎಂದರು. ಅಂಚನ್ನು ಮರಳಿ ಹಾಕಿದೆ.

ಒಂದು ವಾರ ಅವರು ಹೊಸ ದೂರು ತಂದರು. ಆಫೀಸಿನ ಒಂದೇ ಒಂದು ಬಿಳಿ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಚಕ್ರ ನಿಲ್ಲುವುದಿಲ್ಲ, ಬಟನ್ ಸತ್ತಿದೆ, ಎಂಟರ್ ಒತ್ತಿದರೂ ಏನೂ ಆಗುವುದಿಲ್ಲ. ನಾನು ಹತ್ತು ಸಲ ನೋಡಿದೆ, ಎಲ್ಲ ಸರಿಯಿತ್ತು. ‘ಕಾಣುತ್ತಿಲ್ಲ’ ಎಂದು ಬರೆದು ದೂರನ್ನು ಮುಚ್ಚಿದೆ. ಅವರ ಕಾಂಟ್ರಾಕ್ಟ್ ಮುಂದುವರಿಸುವುದೋ ಬಿಡುವುದೋ ಶುಕ್ರವಾರದ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಿತ್ತು. ನಿಮಗೊಬ್ಬರಿಗೇ ಯಾಕೆ ಕಾಣುತ್ತದೆ ಎಂದು ಮ್ಯಾನೇಜರ್ ನಕ್ಕು ಹಿಂದಿಯಲ್ಲಿ ಕೇಳಿದ: “ಮೇಡಂ, ಆಪ್‌ಕೋ ಹೀ ಕ್ಯೂಂ ದಿಖ್ತಾ ಹೈ?”

“ಯಾಕಂದ್ರ ನಾ ನೋಡತೀನಿ” ಎಂದರು, ನನಗಷ್ಟೇ ತಿಳಿಯುವ ಕನ್ನಡದಲ್ಲಿ.

ಗುರುವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಸಿಕ್ಕರು. ಆಫೀಸಿನ ಕಡೆಯ ಗಾಡಿಗಳು ಅಲ್ಲಿಗೆ ಬರುವಾಗಲೇ ತುಂಬಿರುತ್ತವೆ; ಅವರಿಗೆ ಮೊಣಕಾಲು ನೋವು, ಠಾಣೆಯವರೆಗೆ ನಿಲ್ಲಲಾರರು. ಹಾಗಾಗಿ ಉಲ್ಟಾ ದಿಕ್ಕಿನ ಲೋಕಲ್ ಹತ್ತಿ ಕಲ್ಯಾಣಕ್ಕೆ ಹೋಗುವುದು, ಇಳಿಯದೆ ಅದೇ ಗಾಡಿಯಲ್ಲಿ ಕೂತೇ ಮರಳುವುದು. ಅಂದು ನನ್ನನ್ನೂ ಎಳೆದೊಯ್ದರು. ಕಲ್ಯಾಣದಲ್ಲಿ ಹತ್ತಿದವರು ನಮ್ಮನ್ನು ದುರುಗುಟ್ಟಿ ನೋಡಿದರು. “ಗಾಡಿ ಹೊರಳತೈತಿ, ನಾವು ಹಂಗ ಕುಂತಿರತೀವಿ. ನಿನ್ನ ಚಕ್ರಾನೂ ಹಂಗ. ನೀ ಒಮ್ಮೆರ ಹಿಂದ ಹೋಗಿ ನೋಡೀಯೇನು?”

ನೋಡಿರಲಿಲ್ಲ. ನಾನು ಪ್ರತಿ ಸಲ ರಿಫ್ರೆಶ್ ಒತ್ತುವವನು. ಕೆಮ್ಮುವಷ್ಟು ಸಹಜವಾಗಿ ಒತ್ತುತ್ತೇನೆ. ಆ ಬ್ರೌಸರು ಹಿಂದಿನ ಪುಟವನ್ನು ಹೊಸದಾಗಿ ತರುತ್ತಿರಲಿಲ್ಲ. ಬಿಟ್ಟಾಗ ಹೇಗಿತ್ತೋ ಹಾಗೇ, ಚಕ್ರ ಸಮೇತ ಎತ್ತಿ ಕೊಡುತ್ತಿತ್ತು. ಪುಟ ಮತ್ತೆ ಕಾಣಿಸಿದಾಗ ಚಕ್ರ ನಿಲ್ಲಿಸು, ಬಟನ್ ಎಬ್ಬಿಸು, ಮೊದಲ ಖಾನೆಗೆ ಕರ್ಸರ್ ತಾ: ನಾಲ್ಕೇ ಸಾಲು ಸಾಕಾಯಿತು.

ಇಲ್ಲಿ ಸ್ವಲ್ಪ ತಡೆಯಿರಿ. ಅವರು ಆ ಮಾತನ್ನು ಹೇಳಿದ್ದು ಗಾಡಿಯಲ್ಲೋ, ಆಫೀಸಿನ ಚಹಾದ ಹೊತ್ತಿನಲ್ಲೋ? ಗಾಡಿಯಲ್ಲಾದರೆ ಕಥೆಗೆ ಒಪ್ಪುತ್ತದೆ, ಅದಕ್ಕೇ ಅನುಮಾನ. ಇನ್ನೊಂದು ದೃಶ್ಯವೂ ನನ್ನ ನೆನಪಿನಲ್ಲಿ ಚೊಕ್ಕವಾಗಿದೆ: ಶುಕ್ರವಾರದ ಮೀಟಿಂಗಿನಲ್ಲಿ ಎದ್ದು ನಿಂತು, “ಇದನ್ನು ಹಿಡಿದವರು ವಿಮಲಾಬಾಯಿ” ಎಂದೆ, ಆದರೂ ಅವರನ್ನು ಕೆಲಸದಿಂದ ಬಿಟ್ಟರು. ವರ್ಷಗಳಿಂದ ಅದನ್ನೇ ನೋಡುತ್ತಿದ್ದೇನೆ.

ಇವತ್ತು ಪ್ಲಾಟ್‌ಫಾರ್ಮಿನಲ್ಲೇ ಹಳೆಯ ಇಮೇಲ್ ಹುಡುಕಿದೆ. ಮ್ಯಾನೇಜರನಿಗೆ ಗುರುವಾರ ಸಂಜೆ ಕಳಿಸಿದ್ದು: ‘ದೋಷ ಪತ್ತೆಹಚ್ಚಿ ಸರಿಪಡಿಸಿದ್ದೇನೆ.’ ಅಷ್ಟೇ. ಅವರ ಹೆಸರಿಲ್ಲ. ಕೆಳಗೆ ಅವನ ಉತ್ತರ: ‘ವೆರಿ ಗುಡ್. ಮೀಟಿಂಗ್ ಬೇಡ.’ ನಾನು ಎದ್ದು ನಿಂತ ಮೀಟಿಂಗ್ ನಡೆದೇ ಇರಲಿಲ್ಲ; ಅವರನ್ನು ಬಿಟ್ಟದ್ದು ಮಾತ್ರ ನಿಜ.

ವಿಮಲಾಬಾಯಿಗೆ ಫೋನ್ ಮಾಡಿದೆ. ಈಗ ಕಲ್ಯಾಣದಲ್ಲಿ ಮಗಳ ಜೊತೆ ಇದ್ದಾರೆ. ತಡವರಿಸುತ್ತ ಎಲ್ಲ ಹೇಳಿದೆ.

“ಗೊತ್ತೈತೋ” ಎಂದರು. “ಆ ಇಮೇಲಿನ ಕಾಪಿ ನನಗೂ ಹಾಕಿದ್ದಿಯಲ್ಲ.”

ಗಾಡಿಯೊಂದು ಬಂದು ಹೋಯಿತು.

“ಎಲ್ಲಿ ಅದೀ ಈಗ?”

“ಡೊಂಬಿವಲಿಯಲ್ಲೇ. ಕೂತು ಹೋಗೋಣ ಅಂತ ಉಲ್ಟಾ ಗಾಡಿ ಕಾಯ್ತಾ ಇದ್ದೇನೆ.”

“ಕಲಿಸಿದಾಕಿ ನಾನ. ಈ ಸಲ ಕುಂತ ಹೊರಳಿ ಹೋಗಬ್ಯಾಡ. ಕಲ್ಯಾಣದಾಗ ಇಳಿ. ಬಂದು ಎದುರಿಗೆ ಹೇಳು.”

ಉಲ್ಟಾ ಗಾಡಿಯಲ್ಲಿ ಸೀಟು ಹಿಡಿದು, ಪುಟವನ್ನು ರಿಫ್ರೆಶ್ ಮಾಡಿ ಅಮ್ಮನ ವಯಸ್ಸು ತಿದ್ದಿದೆ. ಕಲ್ಯಾಣ ಬಂತು. ಎದ್ದೆ. ನಾನು ಪೂರ್ತಿ ನಿಲ್ಲುವ ಮೊದಲೇ ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.