ಅಟ್ಟದ ಮೇಲೆ ಜಪಾನಿನ ಯೆನ್

ಶಾಂತಿಯ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯಗಳಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಅದರ ಪರವಾಗಿ ವಾದಿಸಿ ಹಿತ್ತಾಳೆಯ ಬಟ್ಟಲೊಂದನ್ನು ಗೆದ್ದವನು ನಾನು. ಅಂದಿನಿಂದ ಕಡೂರು, ತರೀಕೆರೆಗಳಲ್ಲಿ ಯಾರು ಮೈಕು ಕೊಟ್ಟರೂ ಅದೇ ಪಕ್ಷವನ್ನು ಹಿಡಿದಿದ್ದೇನೆ. ಯುದ್ಧ ಬೇಕೆಂದು ಬಾಯಿಬಿಟ್ಟು ಹೇಳುವ ಮನುಷ್ಯರು ನಮ್ಮ ಸೀಮೆಯಲ್ಲಿ ಇಲ್ಲವೆಂದೇ ನಂಬಿದ್ದೆ. ಅಂಥವರೊಬ್ಬರು ನಮ್ಮ ಮನೆತನದಲ್ಲೇ, ಅದೂ ಇರುವೆಯ ಸಾಲಿಗೆ ಸಕ್ಕರೆ ಉದುರಿಸುವ ಗೌರಮ್ಮ ಅತ್ತಿಗೆಯ ರೂಪದಲ್ಲಿ, ಇರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಜ್ಜಂಪುರದಿಂದ ಅಣ್ಣ ಫೋನು ಮಾಡಿದ. “ಲೇ, ನಿಮ್ಮತ್ತಿಗೆ ಅಟ್ಟದ ಮೇಲಿರೋ ಕೊಬ್ಬರಿಯೆಲ್ಲಾ ಮಾರಿ ಜಪಾನಿಗೆ ಹಾಕ್ತಾಳಂತೆ ಕಣೋ. ನನ್ನ ಮಾತು ಕೇಳಲ್ಲ. ಬಂದು ಒಂದು ಭಾಷಣ ಹೊಡಿ.”

ಭಾಷಣಕ್ಕೆ ಕರೆದರೆ ಒಲ್ಲೆನೆನ್ನುವ ಅಭ್ಯಾಸ ನನಗಿಲ್ಲ. ಭಾನುವಾರ ಸಂಜೆಗೆ ಹೋದೆ. ಅತ್ತಿಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರದಿರುವಾಗಲೇ ಟಿ.ವಿ. ಹಾಕಿದರು. ಎಲ್ಲೋ ದೂರದ ಎರಡು ದೇಶಗಳು ಕದನವಿರಾಮಕ್ಕೆ ಒಪ್ಪಿವೆಯೆಂದು ವಾರ್ತೆ ಬಂತು. ನಾನು ಕೈಮುಗಿಯುವುದರಲ್ಲಿದ್ದೆ.

“ಛೇ! ನಿಲ್ಲಿಸ್ಬಿಟ್ರಲ್ಲಪ್ಪಾ,” ಎಂದರು ಅತ್ತಿಗೆ. “ಇನ್ನೊಂದು ವಾರ ಹೊಡೆದಾಡಿದ್ರೆ ಇವರ ಗಂಟೇನು ಹೋಗ್ತಿತ್ತು?”

ಮುಗಿಯಲೆಂದು ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು.

ವಿಷಯ ಹೀಗೆ. ಮೊಬೈಲಿನ ಪಾಠಗಳನ್ನು ಕೇಳಿ ಅತ್ತಿಗೆ ಒಂದು ಆ್ಯಪಿನಲ್ಲಿ ಪುಟ್ಟದೊಂದು ಖಾತೆ ತೆರೆದಿದ್ದರು. ಅದರಲ್ಲಿ ದೇಶದೇಶಗಳ ಹಣವನ್ನು ಕೊಂಡು ಮಾರಬಹುದು. ಅದಕ್ಕೆ ನಮ್ಮ ಕಾನೂನಿನ ಒಪ್ಪಿಗೆ ಉಂಟೇ ಎಂಬ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ. ನನಗೆ ಹೊಳೆದದ್ದೂ ಆಮೇಲೆ. ಲೋಕಕ್ಕೆ ದಿಗಿಲು ಹುಟ್ಟಿದಾಗ ಹಣವಂತರು ತಮ್ಮ ಗಂಟನ್ನು ಜಪಾನಿನ ಯೆನ್ನಿಗೋ ಸ್ವಿಸ್ ಫ್ರಾಂಕಿಗೋ ಸಾಗಿಸುತ್ತಾರಂತೆ, ಆಗ ಅವುಗಳ ಬೆಲೆ ಏರುತ್ತದಂತೆ. ಬಲ್ಲವರು ಇವನ್ನು ಆಶ್ರಯದ ಕರೆನ್ಸಿಗಳೆನ್ನುತ್ತಾರೆ. ಅತ್ತಿಗೆ ಕೂಡಿಟ್ಟ ಸಣ್ಣ ಗಂಟನ್ನು ಹಾಕಿ ಆಗಲೇ ಯೆನ್ ಕೊಂಡಿದ್ದರು, ಕೊಬ್ಬರಿಯ ದುಡ್ಡು ಅದರ ಮೇಲೆ ಸೇರಬೇಕಿತ್ತು. ಭಯಪಟ್ಟವನು ಆಶ್ರಯ ಹುಡುಕುವುದು ಹೊಸತೇನಲ್ಲ. ಮೇವಿಲ್ಲದೆ ಕಂಗೆಟ್ಟ ವರ್ಷ ನಮ್ಮ ಹಿರಿಯರು ದನಗಳನ್ನು ಎಮ್ಮೆದೊಡ್ಡಿಯ ಕಾವಲಿನ ಕಡೆ ತಿರುಗಿಸುತ್ತಿದ್ದರು. ಆದರೆ ಪದೇ ಪದೇ ಭೂಮಿ ನಡುಗುವ ದ್ವೀಪವೊಂದರ ನೋಟಿನಲ್ಲಿ ಲೋಕವೆಲ್ಲ ಗಟ್ಟಿ ನೆಲವನ್ನು ಹುಡುಕುತ್ತದೆಂಬುದು ನನಗೆ ಇಂದಿಗೂ ಅರ್ಥವಾಗದ ಅರ್ಥಶಾಸ್ತ್ರ.

ನಾನು ಎದ್ದು ನಿಂತೆ. “ಅತ್ತಿಗೆ, ಇನ್ನೊಬ್ಬರ ಭಯದಿಂದ ಬರುವ ಲಾಭ ಲಾಭವೇ ಅಲ್ಲ. ಒಂದನೆಯದಾಗಿ...”

“ಕೂತ್ಕೊಂಡು ಮಾತಾಡಪ್ಪಾ, ನಿನ್ನ ಮುಖ ನೋಡಿ ಕತ್ತು ನೋಯುತ್ತೆ. ಹೋದ ಸಲ ಪಕ್ಕದ ಸೀಮೆ ತೋಟಕ್ಕೆಲ್ಲಾ ನುಸಿ ಬಿತ್ತು, ನಮ್ಮ ಕೊಬ್ಬರಿಗೆ ರೇಟು ಬಂತು. ಆ ದುಡ್ಡಲ್ಲೇ ನಿನಗೂ ಒಂದು ಪಂಚೆ ತಂದಿದ್ದು. ಇವತ್ತು ಉಟ್ಕೊಂಡು ಬಂದಿದ್ದೀಯಲ್ಲ, ಅದೇ. ಆವಾಗ ಎಲ್ಲಿ ಹೋಗಿತ್ತು ನಿನ್ನ ಒಂದನೆಯದು?”

ಪಂಚೆಯನ್ನು ನೋಡಿಕೊಂಡೆ. ಜರಿಯಂಚು ಚೆನ್ನಾಗಿತ್ತು. ಕುಳಿತೆ.

ಧರ್ಮದಲ್ಲಿ ಸೋತವನು ವ್ಯವಹಾರವನ್ನು ಹಿಡಿಯಬೇಕೆಂಬುದು ಚರ್ಚಾಪಟುಗಳ ಹಳೆಯ ತಂತ್ರ. “ಕದನ ನಿಂತಿತಲ್ಲ, ನಾಳೆ ಯೆನ್ನಿನ ಬೆಲೆ ಬಿದ್ದರೆ?” ಎಂದೆ.

“ಬೀಳ್ಲಿ. ಕೊಬ್ಬರಿ ರೇಟು ಬಿದ್ರೆ ಏನ್ ಮಾಡ್ತೀವಿ? ಅಟ್ಟದಲ್ಲೇ ಬಿಡ್ತೀವಿ. ನಾವಾಗೇ ಇಳಿಸೋವರೆಗೂ ಯಾರ ಅಪ್ಪನಿಗೂ ಅದನ್ನ ಮುಟ್ಟೋಕಾಗಲ್ಲ. ಹಂಗೇ ಇದೂನೂವೆ. ಯೆನ್ನಿಗೇನು ಹುಳ ಬೀಳುತ್ತಾ?”

ಓದುಗ ಮಹಾಶಯರೇ, ಈ ಮಾತಿಗೆ ನಾನು ಮನಸೋತೆ. ತೆಂಗು ಬೆಳೆಯುವ ನಮ್ಮ ಕಡೆ ಅಟ್ಟವೆಂಬುದು ಒಂದು ತತ್ತ್ವ. ಕಾಯಿ ಅಲ್ಲಿ ಕತ್ತಲಲ್ಲಿ ಕುಳಿತು, ಒಳಗಿನ ನೀರಾರಿ, ಕೊಬ್ಬರಿಯಾಗುತ್ತದೆ. ಆಮೇಲೂ ಒಳ್ಳೆಯ ಬೆಲೆಗಾಗಿ ಕಾಯುತ್ತದೆ. ಅವಸರದವನನ್ನು ಸಂತೆ ತಿನ್ನುತ್ತದೆ, ತಾಳ್ಮೆಯವನನ್ನು ಅಟ್ಟ ಕಾಯುತ್ತದೆ. ಇಷ್ಟು ಭದ್ರವಾದ ಸಿದ್ಧಾಂತ ಜಪಾನಿಗೇಕೆ ಅನ್ವಯಿಸಬಾರದು? ಖಂಡಿಸಲು ಬಂದವನು ಅನುಮೋದಿಸಿದೆ. ಅಷ್ಟೇ ಅಲ್ಲ, ಕೊಬ್ಬರಿಯನ್ನು ಅಟ್ಟದಿಂದಿಳಿಸಿ ಮೂಟೆ ಕಟ್ಟಲು ಕೈಜೋಡಿಸಿದೆ. ಅಣ್ಣ ನನ್ನನ್ನು ನೋಡಿದ ನೋಟದಲ್ಲಿ ಆ ಹಿತ್ತಾಳೆಯ ಬಟ್ಟಲನ್ನು ಹಿಂದಿರುಗಿಸಬೇಕೆಂಬ ಸೂಚನೆಯಿತ್ತು.

ಸೋಮವಾರ ಬೆಳಗ್ಗೆ ಎದ್ದವರೇ ಅತ್ತಿಗೆಯೂ ನಾನೂ ಮೊಬೈಲಿನ ಮುಂದೆ ಕುಳಿತೆವು. ಎರಡು ದಿನ ಮುಚ್ಚಿದ್ದ ಪೇಟೆ ತೆರೆದಿತ್ತು. ಯೆನ್ನಿನ ಗೆರೆ ಮೆಟ್ಟಿಲನ್ನೇ ಮರೆತವನಂತೆ ಮೇಲಿನಿಂದ ಕೆಳಕ್ಕೆ ಬಿದ್ದುಕೊಂಡಿತ್ತು.

“ಬಿದ್ರೆ ಬಿದ್ದಿರ್ಲಿ, ನಾನಂತೂ ಮಾರಲ್ಲ,” ಎನ್ನುತ್ತಾ ಅತ್ತಿಗೆ ಖಾತೆಯ ಪುಟ ತೆಗೆದರು. ಅಲ್ಲಿ ಯೆನ್ನೂ ಇರಲಿಲ್ಲ, ಹಾಕಿದ ದುಡ್ಡೂ ಇರಲಿಲ್ಲ. ವ್ಯಾಪಾರ ಮುಗಿದಿದೆ ಎಂಬ ಒಂದು ಸಾಲು ಮಾತ್ರ ಇತ್ತು.

“ಯಾರು ಮಾರಿದ್ದು?” ಅತ್ತಿಗೆಯ ದನಿ ಸೂರಿಗೆ ತಾಕಿತು. “ನಾನ್ ಮಾರಿಲ್ವಲ್ಲ! ನನ್ನ ಕೇಳ್ದೆ ಯಾರು ಮಾರಿದ್ದು?”

ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು. ಸಣ್ಣ ಖಾತೆಯವರಿಗೆ ಅವರು ಕಟ್ಟಿದ್ದರ ಎಷ್ಟೋ ಪಟ್ಟು ವ್ಯಾಪಾರ ಮಾಡಲು ಬಿಡುವುದು ಆ್ಯಪಿನ ಔದಾರ್ಯ. ನಷ್ಟ ಆ ಕಟ್ಟಿದ ಹಣದ ಅಂಚಿಗೆ ಬಂದೊಡನೆ ಒಡೆಯನನ್ನು ಕೇಳದೆ ಮಾರಿ ಕೈತೊಳೆದುಕೊಳ್ಳುವುದು ಅದರ ನಿಯಮ. ಅಂದರೆ ಅದು ಅಟ್ಟವಲ್ಲ. ಕಾಯಲು ಅಲ್ಲಿ ಜಾಗವೇ ಇಲ್ಲ.

ನಾವಿಬ್ಬರೂ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಎದುರುಮನೆಯ ರೇಣುಕಮ್ಮ ಹೊಸಿಲಿನಲ್ಲಿ ನಿಂತರು. ಸಾವಾದ ಮನೆಯ ಮುಂದೆ ರಂಗೋಲಿ ಬಿಡುವುದಿಲ್ಲವೆಂಬುದು ನಮ್ಮ ಬೀದಿಗಳ ಪದ್ಧತಿ. ಆಕೆ ಖಾಲಿ ಬಾಗಿಲನ್ನು ನೋಡಿ, ನಮ್ಮ ಮುಖಗಳನ್ನು ನೋಡಿ, ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

“ಗೌರಕ್ಕಾ, ಬಾಗಿಲಿಗೆ ನೀರೂ ಹಾಕಿಲ್ಲ... ಯಾರಕ್ಕಾ ಹೋಗ್ಬಿಟ್ಟಿದ್ದು?”

“ಯಾರೂ ಸಾಯ್ಲಿಲ್ಲ ಕಣೇ,” ಎಂದರು ಅತ್ತಿಗೆ, ಮುಖವನ್ನು ಇನ್ನಷ್ಟು ಸಣ್ಣದು ಮಾಡಿ. “ಯುದ್ಧ ನಿಂತೋಯ್ತು.”

ರೇಣುಕಮ್ಮ ಸೆರಗನ್ನು ಕೆಳಗಿಳಿಸಿದರು. “ಅಯ್ಯೋ, ಒಳ್ಳೇದೇ ಆಯ್ತಲ್ವೇನಕ್ಕಾ?”

ಉತ್ತರ ಬರುವುದಕ್ಕೆ ಕೊಂಚ ಹೊತ್ತು ಹಿಡಿಯಿತು. ಆಮೇಲೆ ಅತ್ತಿಗೆ, “ಹೂಂ ಕಣೇ, ಒಳ್ಳೇದೇ,” ಎಂದು ಎದ್ದು, ಬಕೆಟ್ಟು ಹಿಡಿದು ಬಾಗಿಲಿಗೆ ನಡೆದರು. ನಡೆಯುತ್ತಲೇ, “ಅಲ್ಲೇನು ಕೂತಿದ್ದೀಯಪ್ಪಾ? ಮೂಟೆ ಬಿಚ್ಚಿ ಕೊಬ್ಬರಿ ಮೇಲಕ್ಕೆ ಹಾಕು,” ಎಂದರು.

ನಾನು ಏಣಿ ಹತ್ತಿದೆ. ಉಳಿದೆಲ್ಲ ಆಘಾತಗಳಿಂದಲೂ ಚೇತರಿಸಿಕೊಂಡಿದ್ದೇನೆ. ಆದರೆ ಆ ಪ್ರಶ್ನೆಗೂ ಅತ್ತಿಗೆಯ ಉತ್ತರಕ್ಕೂ ನಡುವಿನ ಕೊಂಚ ಹೊತ್ತಿನಲ್ಲಿ ನಾನೂ ಅಲ್ಲೇ ಇದ್ದೆ, ನಾನೂ ಬಾಯಿ ತೆರೆಯಲಿಲ್ಲ. ಅದರಿಂದ ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ.