ಕಣಿಯಲ್ಲಿ ಕೂತವಳು

ಹಳದಿಗೆ ತಿರುಗಿದ ಸೌತೆಕಾಯಿಯನ್ನು ನೀವು ಎಂದಾದರೂ ತೊಟ್ಟಿನ ಕಡೆಯಿಂದ ಮೂಸಿ ನೋಡಿದ್ದೀರೋ ಇಲ್ಲವೋ. ಅಲ್ಲೊಂದು ತಣ್ಣಗಿನ ವಾಸನೆ ಇರುತ್ತದೆ, ಒದ್ದೆ ಮಣ್ಣಿನದು, ಹಸಿ ಬಳ್ಳಿಯದು, ಜೊತೆಗೆ ಸ್ವಲ್ಪ ಕಹಿ. ಮೊನ್ನೆ ಮಡಿಕೇರಿ ಮಾರುಕಟ್ಟೆಯಲ್ಲಿ ಅಂಥದೊಂದನ್ನು ಕೈಗೆತ್ತಿಕೊಂಡಿದ್ದೆ. ತರಕಾರಿಯವನು, “ಸಾಂಬಾರಿಗಾ ಮೇಡಂ, ಪೂಜೆಗಾ?” ಎಂದು ಕೇಳಿದ. ತುಲಾ ಸಂಕ್ರಮಣ ಹತ್ತಿರ ಬಂದಿತ್ತು, ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಕಾಯಿಯನ್ನು ಅಲ್ಲೇ ಇಟ್ಟು, ಬೇಡದ ಬೀನ್ಸ್ ಅರ್ಧ ಕಿಲೋ ಕೊಂಡು ಬಂದೆ. ಮೂರ್ನಾಡಿನ ಆಚೆ, ಕಾವೇರಿ ಹೊಳೆಯ ಮೇಲಿನ ದಿಬ್ಬದಲ್ಲಿದ್ದ ನಮ್ಮ ಮನೆ ಈಗಿಲ್ಲ. ಅದನ್ನು ಕೆಡವಿ ಯಾರೋ ಹೋಂಸ್ಟೇ ಕಟ್ಟಿದ್ದಾರೆ. ಅದರ ಫೋಟೋಗಳನ್ನು ಮೊಬೈಲಿನಲ್ಲಿ ನೋಡಿದ್ದೇನೆ. ನಮ್ಮ ದೇವರ ಮೂಲೆ ಇದ್ದ ಜಾಗದಲ್ಲಿ ಅವರು ಶೂ ಇಡುವ ಗೂಡು ಮಾಡಿದ್ದಾರೆ. ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ನಮ್ಮದು ಅರೆಭಾಷೆ ಮಾತಾಡುವ ಗೌಡರ ಮನೆ. ವರ್ಷಕ್ಕೆ ಎಷ್ಟೇ ಹಬ್ಬ ಬರಲಿ, ಅಜ್ಜಿಗೆ ಹಬ್ಬವೆಂದರೆ ಕಾವೇರಿ ಸಂಕ್ರಮಣ ಒಂದೇ. ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕಿದ ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕಣಿ ಇಡುತ್ತಾರೆ. ಕಂಚಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಸೌತೆಕಾಯಿಗೆ ಕೆಂಪು ರೇಷ್ಮೆ ಉಡಿಸಿ, ಮನೆಯ ಹೆಣ್ಣುಮಕ್ಕಳ ಸರ ಹಾಕಿ, ಬಳೆ ವೀಳ್ಯದೆಲೆ ಇಟ್ಟರೆ ಅದೇ ಕಾವೇರಮ್ಮ. ಬೇರೆ ದೇವರಿಗೆ ಬೇಡುವಂತೆ ಅವಳಿಗೆ ಯಾರೂ ಬೇಡುತ್ತಿರಲಿಲ್ಲ. ತವರಿಗೆ ಬಂದ ಮಗಳನ್ನು ಮಾತಾಡಿಸುವಂತೆ ಮಾತಾಡಿಸಿ, ದೋಸೆ ಮತ್ತು ಸಿಹಿಗುಂಬಳದ ಸಾರು ಬಡಿಸುತ್ತಿದ್ದರು. ಬಲಮುರಿಯ ಹತ್ತಿರ ಅವಳನ್ನು ಹೋಗಗೊಡದೆ ಎಲ್ಲರೂ ಸೀರೆ ಹಿಡಿದು ಎಳೆದರಂತೆ, ಅವಳು ತಿರುಗಿ ಬಿಡಿಸಿಕೊಂಡು ಹರಿದೇ ಹೋದಳಂತೆ, ಆ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತಂತೆ. ಅಜ್ಜಿ ಸೌತೆಕಾಯಿಗೂ ನೆರಿಗೆಯನ್ನು ಹಿಂದಕ್ಕೇ ಹಿಡಿಯುತ್ತಿದ್ದಳು. ಈ ಹಬ್ಬಕ್ಕೊಂದು ಕಟ್ಟುನಿಟ್ಟೂ ಇತ್ತು. ಸಾವಾದ ಮನೆಯಲ್ಲಿ ಆ ವರ್ಷ ಕಣಿ ಇಡುವಂತಿಲ್ಲ. ಹಾಗಾಗಿ ಯಾವ ಮನೆಯಲ್ಲಿ ಕಣಿ ಇಲ್ಲವೋ ಆ ಮನೆಯಲ್ಲಿ ಯಾರೋ ಇಲ್ಲ ಎಂದು ಊರೇ ತಿಳಿಯುತ್ತಿತ್ತು.

ಸರಸು ಅತ್ತೆ ನನ್ನ ಅಪ್ಪನ ತಂಗಿ. ನನಗೆ ಜಡೆ ಹಾಕಿದವಳು, ನನ್ನ ಪಾಲಿನ ಹಲಸಿನ ಹಪ್ಪಳ ಕದ್ದು ತಿಂದವಳು, ಏಟು ಬೀಳುವ ಹೊತ್ತಿಗೆ ನನ್ನನ್ನು ಸೆರಗಿನೊಳಗೆ ಅಡಗಿಸಿಕೊಂಡವಳು. ಮದುವೆ ಗೊತ್ತಾಗಿ, ಕೆಂಪು ಸೀರೆಯೂ ಜೋಮಾಲೆ ಸರವೂ ಪೆಟ್ಟಿಗೆಗೆ ಬಂದಿದ್ದವು. ಮಳೆ ಬಿಟ್ಟು ಹೊಳೆ ಇನ್ನೂ ಇಳಿಯದಿದ್ದ ಒಂದು ಮಧ್ಯಾಹ್ನ ಬಟ್ಟೆ ಒಗೆಯಲು ದೋಣಿ ನಿಲ್ಲುವ ಕಡವಿಗೆ ಹೋದಳು. ನಾವು ಹೋಗಿ ನೋಡಿದಾಗ ಕಲ್ಲಿನ ಮೇಲೆ ಅರ್ಧ ತಿಕ್ಕಿದ ಅಪ್ಪನ ಅಂಗಿ ಇತ್ತು, ಸೋಪಿನ ನೊರೆ ಇನ್ನೂ ಆರಿರಲಿಲ್ಲ. ದೋಣಿಯವರು ದುಬಾರೆಯವರೆಗೂ ಹುಡುಕಿದರು. ಸಿಗಲಿಲ್ಲ. ಅಜ್ಜ ಭಾಗಮಂಡಲದ ಸಂಗಮದಲ್ಲಿ ದರ್ಭೆಯ ಗೊಂಬೆಯಿಟ್ಟು ಕರ್ಮ ಮುಗಿಸೋಣ ಎಂದ. ಅಜ್ಜಿ, “ಎಂತಕ್ಕೆ? ನೀವು ಕಂಡಿದ್ದೀರಾ ಅದ್ ಸತ್ತದ್?” ಎಂದು ಕೇಳಿದಳು. ಕಂಡವರು ಯಾರೂ ಇರಲಿಲ್ಲ.

ಆ ವರ್ಷವೂ ನಮ್ಮ ಮನೆಯಲ್ಲಿ ಕಣಿ ಇಟ್ಟರು. ಅಜ್ಜಿ ದೇವರ ರೇಷ್ಮೆ ಬಿಟ್ಟು ಪೆಟ್ಟಿಗೆಯಿಂದ ಸರಸು ಅತ್ತೆಯ ಕೆಂಪು ಸೀರೆ ತೆಗೆದಳು. ಆರು ಗಜದ ಸೀರೆಯನ್ನು ಮೊಣಕೈ ಉದ್ದದ ಕಾಯಿಗೆ ಸುತ್ತಿ ಸುತ್ತಿ, ಮೇಲೆ ಜೋಮಾಲೆ ಇಳಿಬಿಟ್ಟಾಗ, ಅಲ್ಲಿ ಒಬ್ಬ ಹುಡುಗಿ ನಮಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತಿತ್ತು. ಸುತ್ತಮುತ್ತಲಿನ ಹೆಂಗಸರು ಅಕ್ಕಿ ಹಾಕಿ, ಏನೂ ಕಾಣದವರಂತೆ ದೋಸೆ ತಿಂದು ಹೋದರು. ಅಜ್ಜಿ ಅದರ ಕಿವಿ ಇರಬೇಕಾದಲ್ಲಿ ಬಾಗಿ, “ಸರಸು, ಹಸಿವಾತಾ?” ಎಂದು ಪಿಸುಗುಟ್ಟಿದಳು. ನಾನು ಪಕ್ಕದಲ್ಲೇ ಇದ್ದೆ. ಅಡ್ಡಬಿದ್ದಾಗ ನನ್ನ ಹಣೆ ಸೀರೆಯ ಅಂಚಿಗೆ ತಾಗಿತು. ಅಂಚು ಒದ್ದೆಯಾಗಿತ್ತು, ತಣ್ಣಗಿತ್ತು, ಹೊಳೆಯ ಕೆಸರಿನ ವಾಸನೆ ಬರುತ್ತಿತ್ತು. ನಾನು ಗಾಬರಿಯಿಂದ ತಲೆ ಎತ್ತಿದೆ. ಅಜ್ಜಿ ನನ್ನ ಹಣೆ ಒರೆಸಿ, “ನೆನೆದುಟ್ಟು, ಅಷ್ಟೇ. ದೂರಂದ ಬಂದ ಗೂಡೆ ಅಲಾ?” ಎಂದಳು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ, ಉಟ್ಟು ಎಂದರೆ ಇದೆ.

ಮುಂದಿನ ವರ್ಷ, ಅದರ ಮುಂದಿನ ವರ್ಷವೂ ಅಂಚು ಒದ್ದೆಯೇ. ಅಜ್ಜಿಯೇ ಬೆಳಗಿನ ಜಾವ ಕಡವಿಗೆ ಹೋಗಿ ಅದ್ದಿ ತರುತ್ತಾಳೆ ಎಂದು ಅವ್ವ ಹೇಳಿದಳು. ಇರಬಹುದು. ಆದರೆ ಒಂದು ವರ್ಷ ಅಜ್ಜಿ ಜ್ವರದಿಂದ ಏಳಲಾರದೆ, ಸೀರೆ ಉಡಿಸಿದ್ದು ಅವ್ವನೇ. ಆ ದಿನ ಅವ್ವ ಅಂಚನ್ನು ಮುಟ್ಟಿ ನೋಡಿ, ಕೈಯನ್ನು ತನ್ನ ಸೆರಗಿಗೆ ಒರೆಸಿಕೊಂಡು, ಒಲೆಯ ಮುಂದೆ ಹೋಗಿ ಕೂತಳು. ನಾನು ದೇವರಿಗೆ ಹೆದರುವ ಪೈಕಿ ಅಲ್ಲ, ಈಗಲೂ ಅಲ್ಲ. ಆ ಸೀರೆಗೆ ಮಾತ್ರ ಹೆದರುತ್ತಿದ್ದೆ. ಹೆದರಿಕೆಯ ಅಡಿಯಲ್ಲಿ ಆಸೆಯೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹಬ್ಬದ ಹಿಂದಿನ ರಾತ್ರಿ ಮಲಗುವಾಗ, ನಾಳೆ ಅವಳು ಒಂದು ಸಲ ಈ ಕಡೆ ತಿರುಗಲಿ ಎಂದು ಕಣ್ಣು ಮುಚ್ಚಿಕೊಂಡು ಕೇಳಿಕೊಳ್ಳುತ್ತಿದ್ದೆ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದ. ಉಸಿರಿನದೇ ತೊಂದರೆ. ಅವನು ಜೋರು ಮಾತಿನ ಮನುಷ್ಯನಲ್ಲ, ಇಷ್ಟು ವರ್ಷ ಅಜ್ಜಿಗೆ ಎದುರಾಡಿದವನೂ ಅಲ್ಲ. ಸಂಕ್ರಮಣದ ವಾರ, ಅಜ್ಜಿ ಸೌತೆಕಾಯಿ ಆರಿಸಿ ತಂದು ಒರೆಸುತ್ತಿದ್ದಾಗ, ಮಂಚದಿಂದಲೇ ಅವಳನ್ನು ಕರೆದ. ನಾನು ಅವನ ಕಾಲು ಒತ್ತುತ್ತಾ ಕೂತಿದ್ದೆ.

“ಈ ವರ್ಷ ಬೊಡ,” ಎಂದು ಬೇಡವೆಂಬಂತೆ ಕೈಯಾಡಿಸಿದ.

“ಎಂತ ಬೊಡ?”

“ಕಣಿ ಬೊಡ. ನಾ ಇನ್ನು ಜಾಸ್ತಿ ದಿನ ಇಲ್ಲೆ. ಹೋದ ಮೇಲೆ ಸರಸುನ ನಾ ಎಲ್ಲಿ ಹುಡ್ಕುದು? ನಾವು ಕಳ್ಸಿಕೊಟ್ರೆ ಅಲಾ ಅದ್ ಅಲ್ಲಿಗೆ ಬರುದು? ನೀ ಇಷ್ಟು ವರ್ಷ ಅದರ ಇಲ್ಲಿ ಹಿಡ್ಕೊಂಡು ಕೂತೊಳ.”

ಅಜ್ಜಿ ಕಾಯಿಯನ್ನು ಮತ್ತೆ ತೊಟ್ಟಿನಿಂದ ತುದಿಯವರೆಗೆ ಒರೆಸಿದಳು. ಸತ್ತವರೆಲ್ಲ ಕಾರಣರಾಗಿ, ಎಂದರೆ ಮನೆ ಕಾಯುವ ಹಿರಿಯರಾಗಿ, ಒಂದೇ ಕಡೆ ಸೇರುತ್ತಾರೆ, ಕರ್ಮ ಆಗದವರು ಮಾತ್ರ ದಾರಿಯಲ್ಲೇ ಉಳಿಯುತ್ತಾರೆ ಎಂದು ನನಗೆ ಕಲಿಸಿದ್ದವಳು ಅಜ್ಜಿಯೇ. ಮಗಳನ್ನು ಕಳಿಸಿದರೆ ಹಬ್ಬಕ್ಕೆ ಬರಲು ಯಾರೂ ಇರುವುದಿಲ್ಲ. ಕಳಿಸದಿದ್ದರೆ ಅಜ್ಜ ಅಲ್ಲಿ ಒಂಟಿ, ಅವಳು ದಾರಿಯಲ್ಲಿ ಒಂಟಿ.

ಹಬ್ಬದ ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದಾಗ ಕಂಚಿನ ತಟ್ಟೆ ಗೋಡೆಗೆ ಒರಗಿಕೊಂಡೇ ಇತ್ತು. ಕೆಂಪು ಸೀರೆ ಮಡಚಿ ಅಜ್ಜನ ಕಾಲ ಬಳಿ ಇಟ್ಟಿತ್ತು. ಅಜ್ಜಿ ಅಡಿಗೆಮನೆಯಲ್ಲಿ ಸೌತೆಕಾಯಿಯನ್ನು ಮೆಟ್ಟುಕತ್ತಿಯಲ್ಲಿ ಹೆಚ್ಚುತ್ತಿದ್ದಳು. ಹೆಚ್ಚಿದ ಹೋಳುಗಳಿಂದ ನೀರು ಇಳಿದು ನೆಲದ ಮೇಲೆ ಬಾಗಿಲವರೆಗೂ ಹರಿದಿತ್ತು. ಒಂದು ಕಾಯಿಯಲ್ಲಿ ಅಷ್ಟು ನೀರಿರುತ್ತದೆಯೇ ಎಂದು ಅವ್ವ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ದೇವಮ್ಮ, ಅವಳ ಸೊಸೆ, ಇನ್ನೂ ಒಂದಿಬ್ಬರು ತಲಕಾವೇರಿಯ ತೀರ್ಥ ಹಿಡಿದು ಅಂಗಳಕ್ಕೆ ಬಂದರು. ಎಲ್ಲರದೂ ಆಗಷ್ಟೇ ಮಿಂದು ಬಂದ ಒದ್ದೆ ತಲೆ. ಅಜ್ಜಿ ಎದ್ದು ಹೋಗಿ ಹೊಸ್ತಿಲಿನ ಒಳಗೇ ನಿಂತಳು.

“ಎಂತ ಸೀತಕ್ಕ, ಕಣಿ ಇಟ್ಟಿಲ್ಲೆನಾ?” ದೇವಮ್ಮ ಒಳಗೆ ಇಣುಕಿದಳು.

“ಇಲ್ಲೆ. ನಂಗೆ ಸೂತಕ ಉಟ್ಟು.”

ದೇವಮ್ಮನ ಕಣ್ಣು ಥಟ್ಟನೆ ಮಂಚದ ಕಡೆ ಹೋಯಿತು. ಅಜ್ಜ ದಿಂಬಿಗೆ ಒರಗಿ ಕೂತು ಅವಳನ್ನೇ ನೋಡುತ್ತಿದ್ದ.

“ಯಾರ್ ಹೋದ್ದು?” ಎಂದಳು ದೇವಮ್ಮ ಸಣ್ಣ ದನಿಯಲ್ಲಿ.

“ಸರಸು,” ಎಂದಳು ಅಜ್ಜಿ.

ಯಾವಾಗ ಎಂದು ಯಾರೂ ಕೇಳಲಿಲ್ಲ. ದೇವಮ್ಮ ತೀರ್ಥದ ಬಾಟಲಿಯನ್ನು ಸೆರಗಿನೊಳಗೆ ಸರಿಸಿಕೊಂಡಳು. ಸಾವಿನ ಸುದ್ದಿ ಕೇಳಿದವರು ಹೇಗೆ ಮಾತಿಲ್ಲದೆ ತಿರುಗುತ್ತಾರೋ ಹಾಗೆ ಎಲ್ಲರೂ ತಿರುಗಿದರು. ಮನೆಗೆ ಹೋಗಿ, ಆಗಲೇ ಮಿಂದಿದ್ದ ತಲೆಗೆ ಮತ್ತೆ ತಣ್ಣೀರು ಸುರಿದುಕೊಂಡು, ಬಿಳಿ ಬಟ್ಟೆ ಉಟ್ಟು ವಾಪಸು ಬಂದು ನಮ್ಮ ಜಗಲಿಯಲ್ಲಿ ಕೂತರು. ಅಜ್ಜ ಸೀರೆಯನ್ನು ಎದೆಗೆ ಒತ್ತಿಕೊಂಡು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಚ್ಚಲಿನಲ್ಲಿ ಅವ್ವ ಅಜ್ಜಿಯ ತಲೆಗೆ ನೀರು ಹಾಕುತ್ತಿದ್ದಳು. ಚಳಿಗೆ ಅಜ್ಜಿಯ ಮೈ ನಡುಗುತ್ತಿತ್ತು, ತುಟಿ ನೀಲಿಯಾಗಿತ್ತು. ಅವ್ವ, “ಸಾಕಲಾ,” ಎಂದು ಚೆಂಬು ಕೆಳಗಿಟ್ಟಳು.

“ಹುಯ್ಯಿ,” ಎಂದಳು ಅಜ್ಜಿ. “ಎಷ್ಟೋ ವರ್ಷದ್ದ್ ಬಾಕಿ ಉಟ್ಟು.”

ಹಂಡೆ ಬರಿದಾಯಿತು. ಅವ್ವ ನನ್ನ ಕೈಗೆ ಕೊಡಪಾನ ಕೊಟ್ಟು ಬಾವಿಗೆ ಕಳಿಸಿದಳು. ನಾನು ಸೇದಿ ಸೇದಿ ತಂದೆ, ಅವ್ವ ಹುಯ್ಯುತ್ತಲೇ ಇದ್ದಳು.